ಹಿತ್ತಿಲ ಕಲ್ಲು, ಮೇಲೆ ಸೂರ್ಯ ಚಂದ್ರ

ಅಕ್ಕನನ್ನು ನಾನು ಮೊದಲು ಕಂಡದ್ದು ವೆಂಬ್ಲಿಯ ಈಲಿಂಗ್ ರೋಡಿನ ಒಂದು ಅಂಗಡಿಯಲ್ಲಿ, ಅವಲಕ್ಕಿ ಪ್ಯಾಕೆಟ್ಟುಗಳ ಎದುರು. ತೊಂಬತ್ತರ ದಶಕದ ನಡುಭಾಗ ಅದು. ನನ್ನ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ಮದುವೆಯಾಗಿ ಸ್ಟ್ರಾಟ್‌ಫರ್ಡ್ ಕಡೆ ಹೋಗಿದ್ದಳು. ದಿನಕ್ಕೊಮ್ಮೆಯಾದರೂ ಯಾರ ಮುಖವನ್ನಾದರೂ ನೋಡೋಣ ಎಂದು ನಾನು ಬೇಕಿರಲಿ ಬೇಡವಾಗಿರಲಿ ಅಂಗಡಿಗೆ ಹೋಗುತ್ತಿದ್ದೆ. ಹತ್ತಿ ಸೀರೆಯ ಮೇಲೆ ದಪ್ಪ ಕೋಟು ಹಾಕಿದ್ದ, ಕೊರಳಲ್ಲಿ ಕರಿಮಣಿ ಇದ್ದ ಒಬ್ಬ ಹೆಂಗಸು ಗುಜರಾತಿ ಅಂಗಡಿಯವನನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ಇದಕ್ಕೆ ಅವಲಕ್ಕಿ ಅಂತಾರಾ? ನೀರು ತೋರಿಸಿದರೆ ಅಂಬಲಿ ಆಗ್ತದೆ. ದಪ್ಪದ್ದು ಎಲ್ಲಿಟ್ಟಿದೀ?"

"ಮಾಸಿ, ಎಲ್ಲ ಒಂದೇ," ಎಂದ ಅವನು.

"ಹಾಗಂತ ನಿನ್ನ ಹೆಂಡತಿಗೆ ಹೇಳಿ ನೋಡು, ಎಲ್ಲ ಒಂದೇ ಅಂತ!"

ನನಗೆ ನಗು ತಡೆಯಲಾಗಲಿಲ್ಲ. ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಗ್ತೀಯಲ್ಲ, ಮರಾಠಿ ಬರ್ತದಾ?" ಎಂದರು. ಬರುತ್ತದೆ ಎಂದೆ. ಹೆಸರು ಹೇಳಿಕೊಂಡರು. ಆ ಕರಾವಳಿಯ ಅನೇಕರ ಹಾಗೆ ಅವರ ಮನೆತನದ ಹೆಸರಿನಲ್ಲೇ ಊರಿನ ಹೆಸರು ಕೂತಿತ್ತು. ಕೇಳಿದ ಕೂಡಲೇ ನಾನು ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಕೆಳಗೆ ಬೀಳಿಸಿದೆ. ಅಲಿಬಾಗಿನ ಆಚೆ, ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಇರುವ ಆ ಪುಟ್ಟ ಹಳ್ಳಿಯಲ್ಲಿ ನಾವು ಮೂರು ವರ್ಷ ಇದ್ದೆವು!

ನಮ್ಮದು ಧಾರವಾಡ. ಆ ಕಾಲಕ್ಕೆ ಧಾರವಾಡವೂ ಕೊಂಕಣವೂ ಒಂದೇ ಮುಂಬಯಿ ಪ್ರಾಂತ್ಯ. ತಂದೆಯವರಿಗೆ ಉಪ್ಪಿನ ಆಗರಗಳನ್ನು ನೋಡಿಕೊಳ್ಳುವ ಕೆಲಸ, ಹಾಗಾಗಿ ಆ ಊರಿಗೆ ವರ್ಗವಾಗಿತ್ತು. ನನ್ನನ್ನು ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿ ಬಿಟ್ಟಿದ್ದರು. ನಾನು ಆ ಮನೆಯಲ್ಲಿದ್ದದ್ದು ಮೂರು ಬೇಸಿಗೆ ರಜೆ, ಒಂದು ದೀಪಾವಳಿ. ಅಕ್ಕ ಆ ಊರನ್ನು ಬಿಟ್ಟಾಗ ಅವರಿಗೆ ಆರು ವರ್ಷ. ಅದಾದ ಇಪ್ಪತ್ತು ವರ್ಷಕ್ಕೆ ನಾವು ಅಲ್ಲಿಗೆ ಹೋದದ್ದು. ಅವರ ನೆನಪು ಮುಗಿದ ಕಡೆ ನನ್ನದು ಶುರು. ಹಾಗಾಗಿ ಅವರು ನನ್ನನ್ನು ಬಿಡಲೇ ಇಲ್ಲ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು, ಅಕ್ಕಾ ಎಂದು ಕರೆದೆ. ಅವರು ನನ್ನನ್ನು ಕಡೆತನಕ "ಡಾಕ್ಟರೀಣಬಾಯಿ" ಎಂದೇ ಕರೆದರು. ಡಾಕ್ಟರ ಹೆಂಡತಿ ಎಂದು, ಡಾಕ್ಟರಾಗಿದ್ದ ನನ್ನ ಗಂಡ ಇಲ್ಲದ ಮೇಲೂ. ನಾವು ಆಡುತ್ತಿದ್ದುದು ಮರಾಠಿ, ಮಧ್ಯೆ ಮಧ್ಯೆ ಇಂಗ್ಲಿಷ್. ಇಲ್ಲಿ ಅದನ್ನೆಲ್ಲ ನನ್ನ ಕನ್ನಡಕ್ಕೆ ತಂದುಕೊಂಡಿದ್ದೇನೆ.

ಮೊದಲ ಸಲ ಅವರ ಫ್ಲ್ಯಾಟಿಗೆ ಹೋದಾಗ ಬಾಗಿಲ ಚೌಕಟ್ಟಿನ ಮೇಲೆ ಓರೆಯಾಗಿ ಬಡಿದಿದ್ದ ಒಂದು ಸಣ್ಣ ಹಿತ್ತಾಳೆಯ ಕೊಳವೆ ಕಂಡಿತು. ಅಕ್ಕ ಒಳಗೆ ಹೋಗುವ ಮುಂಚೆ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಂದುಕೊಂಡರು.

"ಏನು ಅಕ್ಕಾ, ತಾಯತವೇ?"

"ತಾಯತವಲ್ಲ. ನಮ್ಮ ದೇವರ ಮಾತು ಅದರೊಳಗೆ ಬರೆದಿಟ್ಟಿದೆ. ನಾವು ಯಹೂದಿಗಳು."

ನಾನು ಜೋಕು ಎಂದುಕೊಂಡೆ. ಕರಿಮಣಿ ಕಟ್ಟಿಕೊಂಡ, ಅವಲಕ್ಕಿಗೆ ಜಗಳ ಆಡುವ, ನಮ್ಮ ಸೋದರತ್ತೆಯಂಥ ಹೆಂಗಸು ಯಹೂದಿಯೇ! ಯಹೂದಿ ಎಂದರೆ ನನಗೆ ಗೊತ್ತಿದ್ದದ್ದು ಕಾನ್ವೆಂಟಿನ ಸ್ಕ್ರಿಪ್ಚರ್ ಕ್ಲಾಸಿನ ಗಡ್ಡದ ಜನ. ಗುಡ್ ಫ್ರೈಡೇ ದಿನ ಸಿಸ್ಟರ್‌ಗಳು ಅವರ ಉದ್ಧಾರಕ್ಕೆಂದು ಲ್ಯಾಟಿನ್ನಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ನಾವು ಹಿಂದೂ ಹುಡುಗಿಯರು ಚ್ಯಾಪೆಲ್ಲಿನ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದೆವು. ಆ ಜನ ನಮ್ಮ ರಜೆಯ ಊರಿನಲ್ಲೇ ನೂರಾರು ವರ್ಷ ಬದುಕಿದ್ದರೆಂದು ನಮಗೆ ಯಾರೂ ಹೇಳಿರಲಿಲ್ಲ.

ಆಮೇಲೆ ವಾರಕ್ಕೆರಡು ಸಲ ಚಹಾ. ಶನಿವಾರ ಮಾತ್ರ ಅವರು ಫೋನೂ ಎತ್ತುತ್ತಿರಲಿಲ್ಲ. ಅವರ ಹಿರಿಯರ ಹಡಗು ಆ ದಂಡೆಯ ಬಂಡೆಗಳಿಗೆ ಬಡಿದು ಒಡೆಯಿತಂತೆ. ಈಜಿ ಬದುಕಿದ್ದು ಏಳು ಗಂಡಸರು, ಏಳು ಹೆಂಗಸರು. ಪುಸ್ತಕ, ಭಾಷೆ ಎಲ್ಲ ಸಮುದ್ರದ ಪಾಲು. ನೆನಪಿನಲ್ಲಿ ಉಳಿದದ್ದು ಒಂದೆರಡು ಪ್ರಾರ್ಥನೆ, ಮತ್ತೆ ಶನಿವಾರ ಕೆಲಸ ಮಾಡಬಾರದು ಎಂಬ ನೇಮ. ಗಾಣ ಹಾಕಿ ಎಣ್ಣೆ ತೆಗೆಯುವ ಕಸುಬು ಹಿಡಿದರು. ಶನಿವಾರ ಎತ್ತು ಬಿಚ್ಚಿಬಿಡುತ್ತಿದ್ದರಿಂದ ಊರವರು ಅವರಿಗೆ ಶನಿವಾರದ ಗಾಣಿಗರು ಎಂದೇ ಹೆಸರಿಟ್ಟರು. ಅಜ್ಜ ಹೇಳಿದ ಕಥೆ ಎಂದು ಅಕ್ಕ ಇದನ್ನೆಲ್ಲ ಹೇಳುತ್ತಿದ್ದರು. ಎಷ್ಟು ನಿಜವೋ ದೇವರೇ ಬಲ್ಲ, ಆದರೆ ಗಾಣ ನಿಜ. ಆಮೇಲೆ ಮುಂಬಯಿಯ ಮಿಲ್ಲುಗಳು, ರೈಲ್ವೆ ಒಂದೊಂದೇ ಮನೆಯನ್ನು ಸೆಳೆದವು. ಉಳಿದವರು ಇಸ್ರೇಲ್ ಆದಮೇಲೆ ಸಾಮಾನು ಕಟ್ಟಿದರು. ಕೊನೆಯ ಮನೆಯವರು ಪ್ರಾರ್ಥನಾಮಂದಿರದ ಬೀಗದಕೈಯನ್ನು ಪಕ್ಕದ ಮೀನುಗಾರರ ಮನೆಯಲ್ಲಿ ಕೊಟ್ಟು ಹೋದರಂತೆ.

"ನೀನು ಹೋದಾಗ ಆ ಬೀಗ ಇತ್ತಾ?"

"ಇತ್ತು ಅಕ್ಕಾ. ತುಕ್ಕು ಹಿಡಿದಿತ್ತು."

"ಮತ್ತೆ ಗುಡ್ಡದ ಬುಡದಲ್ಲಿ ನಮ್ಮ ಸ್ಮಶಾನ?"

ಆಗರಗಳ ಆಚೆ ಕಳ್ಳಿ ಬೆಳೆದ ಜಾಗವೊಂದಿತ್ತು. ಹಾವು ಇರ್ತಾವ, ಆ ಕಡೆ ಹೋಗಬ್ಯಾಡ ಎಂದು ಅವ್ವ ಹೆದರಿಸಿದ್ದಳು. ಅಲ್ಲಿ ನೆಟ್ಟ ಕಲ್ಲುಗಳಿದ್ದ ನೆನಪು. ಅಷ್ಟು ಹೇಳಿದೆ. ಆ ಉತ್ತರಕ್ಕೇ ಅಕ್ಕನ ಕಣ್ಣು ತುಂಬಿಕೊಂಡಿತು. ಅವರ ತಾಯಿ ಅಲ್ಲಿದ್ದರು. ಎರಡನೆಯ ಬಾಣಂತನದಲ್ಲಿ ತಾಯಿಯೂ ಹೋದರು, ಕೂಸೂ ಹೋಯಿತು. ವರ್ಷ ತುಂಬುವಷ್ಟರಲ್ಲಿ ತಂದೆ ಮಗಳನ್ನು ಎತ್ತಿಕೊಂಡು ಮುಂಬಯಿಗೆ ಹೋಗಿ ಮಿಲ್ಲು ಸೇರಿ ಇನ್ನೊಂದು ಮದುವೆಯಾದರು. ಮೊದಲ ಹೆಂಡತಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಎರಡು ಸಾವಿರ ಇಸವಿ ಕಳೆದು ಒಂದೆರಡು ವರ್ಷಕ್ಕೆ ಅಕ್ಕನ ಹೃದಯದ ವಾಲ್ವ್ ಕೆಟ್ಟಿತು. ಬೇಸಿಗೆಯೊಳಗೆ ಆಪರೇಶನ್ ಆಗಬೇಕು ಎಂದರು ಡಾಕ್ಟರು. ಅವರಲ್ಲಿ ಒಂದು ಪದ್ಧತಿ ಇದೆ. ಕಾಯಿಲೆಯವರಿಗಾಗಿ ಪ್ರಾರ್ಥನಾಮಂದಿರದಲ್ಲಿ ಎಲ್ಲರೂ ಸೇರಿ ಪ್ರಾರ್ಥಿಸುವಾಗ ಇಂಥವರ ಮಗಳು ಎಂದು ತಾಯಿಯ ಹೆಸರು ಹಿಡಿದು ಕೂಗುತ್ತಾರೆ, ತಂದೆಯದಲ್ಲ. ಇಲ್ಲಿನ ಅವರ ಮಂದಿರದ ಹಿರಿಯರು ಪುಸ್ತಕ ತೆರೆದು ಕೇಳಿದರು, ನಿಮ್ಮ ತಾಯಿಯ ಹೆಸರೇನಮ್ಮಾ?

ಅಕ್ಕನಿಗೆ ಗೊತ್ತಿರಲಿಲ್ಲ.

ಅದನ್ನು ನನಗೆ ಹೇಳಿದ ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ. "ಎಪ್ಪತ್ತೇಳು ವರ್ಷದ ಮುದುಕಿ ನಾನು. ತಾಯಿಯ ಹೆಸರು ಗೊತ್ತಿಲ್ಲ ಅಂದೆ. ಆ ಮನುಷ್ಯ ಪಾಪ, ಕನಿಕರದಿಂದ, ಇಲ್ಲದಿದ್ದರೆ ಪರವಾಗಿಲ್ಲ, ಎಲ್ಲರ ಆದಿತಾಯಿಯ ಹೆಸರು ಹಾಕೋಣ ಅಂದ. ನಾನೇನು ಅನಾಥಾಲಯದವಳಾ?"

ನನಗೆ ನಂಬಲಾಗಲಿಲ್ಲ. ತಾಯಿಯ ಹೆಸರು ಹೇಗೆ ಗೊತ್ತಿರುವುದಿಲ್ಲ? ಆಮೇಲೆ ಯೋಚಿಸಿದರೆ, ನನ್ನ ಅಜ್ಜಿಯ ತವರಿನ ಹೆಸರು ನನಗೂ ಗೊತ್ತಿಲ್ಲ. ಮದುವೆಯ ದಿನ ಅಕ್ಕಿಯ ಮೇಲೆ ಬರೆದ ಹೊಸ ಹೆಸರು, ಅದೂ ಬಳಕೆಯಲ್ಲಿಲ್ಲ. ಅವ್ವ, ವೈನಿ, ಕಾಕು, ಅಷ್ಟರಲ್ಲೇ ಜನ್ಮ ಮುಗಿದಿತ್ತು. ಅಕ್ಕನ ತಾಯಿಯೂ ಹಾಗೆಯೇ. ಮಗಳಿಗೆ ಆಯಿ, ಉಳಿದವರಿಗೆ ವಹಿನಿ.

"ಕಲ್ಲಿನ ಮೇಲಿದೆ," ಎಂದರು ಅಕ್ಕ. "ಅಪ್ಪ ಕಲ್ಲು ಕೆತ್ತಿಸಿದ್ದು ನನಗೆ ನೆನಪಿದೆ. ನಾನು ಹೋಗಿ ಓದಿಕೊಂಡು ಬರ್ತೀನಿ."

"ಈ ಹಾರ್ಟ್ ಇಟ್ಕೊಂಡು ಫ್ಲೈಟ್ ಹತ್ತುತೀರಾ? ಆರ್ ಯು ಮ್ಯಾಡ್, ಅಕ್ಕಾ?"

"ಡಾಕ್ಟರ ಹೆಂಡತಿ ನೀನು, ಡಾಕ್ಟರಲ್ಲ. ಸುಮ್ಮನಿರು."

ಜನವರಿಯಲ್ಲಿ ಹೋದರು. ಮಲತಮ್ಮನ ಮಗ ಮುಂಬಯಿ ಪಕ್ಕದ ಠಾಣೆಯಲ್ಲಿದ್ದ, ಅವನೇ ಕಾರಿನಲ್ಲಿ ಕರೆದುಕೊಂಡು ಹೋದದ್ದು. ಮೂರು ವಾರಕ್ಕೆ ವಾಪಸು ಬಂದು ನನ್ನನ್ನು ಕರೆದರು. ಊಟದ ಮೇಜಿನ ಮೇಲೆ ಫೋಟೋಗಳನ್ನು ಪೇಷನ್ಸ್ ಆಡುವಾಗ ಇಸ್ಪೀಟೆಲೆ ಹಾಸಿದ ಹಾಗೆ ಸಾಲಾಗಿ ಹಾಸಿದ್ದರು. ಕಳ್ಳಿ ಕಡಿದು ಸ್ವಚ್ಛ ಮಾಡಿಸಿದ್ದರು. ಕಪ್ಪು ಕಲ್ಲುಗಳು ಒಂದೊಂದು ಒಂದೊಂದು ಕಡೆ ವಾಲಿದ್ದವು. ಕೆಲವದರ ಮೇಲೆ ಹೀಬ್ರೂ, ಕೆಲವದರ ಮೇಲೆ ಕೆಳಗೆ ಮರಾಠಿ. ಅಕ್ಕ ಒಂದು ಫೋಟೋ ಎತ್ತಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಕಲ್ಲಿರಲಿಲ್ಲ. ಎರಡು ಕಲ್ಲುಗಳ ನಡುವೆ ಹುಲ್ಲು ಬೆಳೆದ ಒಂದು ತಗ್ಗು.

"ಇಲ್ಲೇ. ಅಜ್ಜಿಯ ಬಲಗಡೆ. ಕಲ್ಲನ್ನು ಯಾರೋ ಕಿತ್ತುಕೊಂಡು ಹೋಗಿದಾರೆ."

"ಬೇರೆ ಕಡೆ ಬಿದ್ದಿರಬಹುದಲ್ಲ? ಎಲ್ಲ ಕಲ್ಲೂ ಒಂದೇ ತರಹ ಕಾಣ್ತಾವೆ," ಎಂದೆ.

"ನಮ್ಮಮ್ಮನದು ಹಾಗಲ್ಲ. ಅದನ್ನು ಕೆತ್ತಿದವನು ಊರ ಕಲ್ಲುಕುಟಿಗ, ಹಿಂದೂ. ಅಪ್ಪ ಕಾಗದದ ಮೇಲೆ ಬರೆದು ಕೊಟ್ಟ ಅಕ್ಷರಗಳನ್ನು ಹಾಗೇ ಇಳಿಸಿದ. ಆದರೆ ಮೇಲ್ಗಡೆ ತನ್ನ ಇಷ್ಟಕ್ಕೆ ಸೂರ್ಯ, ಚಂದ್ರ ಕೆತ್ತಿಬಿಟ್ಟ. ಅಪ್ಪ ಕೂಗಾಡಿದರು. ನಮ್ಮಲ್ಲಿ ಇದು ನಡೆಯೋದಿಲ್ಲ ಅಂತ. ಅವನು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಶೇಟ್, ಸೂರ್ಯ ಚಂದ್ರ ಇಲ್ಲದಿದ್ದರೆ ಈ ಕಲ್ಲಿಗೆ ಸಾಕ್ಷಿ ಯಾರು? ಇಡೀ ಸ್ಮಶಾನದಲ್ಲಿ ಸೂರ್ಯ ಚಂದ್ರ ಇದ್ದದ್ದು ಅದೊಂದೇ ಕಲ್ಲು."

ನಾನು ಕೈಯಲ್ಲಿದ್ದ ಫೋಟೋವನ್ನು ಮೇಜಿನ ಮೇಲೆ ಮಗುಚಿಟ್ಟೆ.

ಆ ಕಲ್ಲನ್ನು ನಾನು ನೋಡಿದ್ದೆ. ನೋಡುವುದೇನು, ಅದು ನಮ್ಮ ಮನೆಯ ಹಿತ್ತಿಲಲ್ಲಿತ್ತು.

ಆ ದಿನ ನಾನು ಬಾಯಿ ಬಿಡಲಿಲ್ಲ. ತಲೆನೋವು ಎಂದು ಹೇಳಿ ಎದ್ದೆ. ಮನೆಗೆ ಬರುವ ದಾರಿಯಲ್ಲಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತವಳು ಎಷ್ಟು ಬಸ್ ಬಿಟ್ಟೆನೋ ಗೊತ್ತಿಲ್ಲ. ಐವತ್ತು ವರ್ಷದಿಂದ ಒಮ್ಮೆಯೂ ನೆನಪಾಗದ ಒಂದು ಬೆಳಗು ಕಣ್ಣೆದುರಿಗೆ ಬಂದು ನಿಂತಿತ್ತು.

ಮೊದಲ ಬೇಸಿಗೆ ಅದು. ಆ ಮನೆಯ ಬಚ್ಚಲಲ್ಲಿ ಒಂದೇ ಒಗೆಯುವ ಕಲ್ಲು. ಅವ್ವನಿಗೆ ಮಡಿ ಬಹಳ. ಬೆಳಗೆದ್ದು ಅಪ್ಪನ ಹಿಂದೆ ಬಿದ್ದಿದ್ದಳು.

"ಮಡಿಬಟ್ಟಿ ಒಗ್ಯೂ ಕಲ್ಲಮ್ಯಾಲೆ ಹಾಸಿಗಿ, ಕೂಸಿನ ದುಪಟಿ ಹೆಂಗ ಒಗೀಲ್ರಿ? ಹಿತ್ತಲದಾಗ ಒಂದು ಬ್ಯಾರೆ ಕಲ್ಲು ಹಾಕಸ್ರಿ ಅಂತ ಬಂದಾಗಿಂದ ಬಡಕೊಳ್ಳಿಕ್ಹತ್ತೀನಿ."

"ಹಾಕಸ್ತೇನಿ ಮಾರಾಯ್ತಿ, ಊಟಾರ ಮಾಡಗೊಡು," ಎಂದರು ಅಪ್ಪ. ಜವಾನನಿಗೆ ಒಂದು ಚಪ್ಪಟೆ ಕಲ್ಲು ನೋಡು ಎಂದರು. ಮರುದಿನ ಎತ್ತಿನ ಗಾಡಿಯಲ್ಲಿ ಕಲ್ಲು ಬಂತು. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಜವಾನ ತಾನಾಗಿ ಹೇಳಲಿಲ್ಲ, ತಲೆ ತಗ್ಗಿಸಿ ಅದರ ಅರ್ಧವನ್ನು ಮಣ್ಣಲ್ಲಿ ಹೂತು, ಉಳಿದರ್ಧವನ್ನು ಓರೆಯಾಗಿ ಕೂರಿಸಿದ. ಮೇಲೆ ಸೂರ್ಯ, ಚಂದ್ರ. ಅದರ ಕೆಳಗೆ ಚೌಕ ಚೌಕ ಅಕ್ಷರ.

"ಅಯ್ಯ, ಇದು ಶಾಸನದ ಕಲ್ಲು ಅದ ಅಲ್ರೀ!" ಎಂದಳು ಅವ್ವ.

"ಇದ್ರ ಇರ್ಲಿ. ನಿಮ್ಮೂರ ಕೆರಿ ದಂಡ್ಯಾಗ ನಿಮ್ಮವ್ವ ಒಗೀತಿದ್ದದ್ದು ಯಾವುದರ ಮ್ಯಾಲೆ? ಯಾವ ರಾಜಾ ಬಂದು ಕೇಳ್ಯಾನ?"

ಎಲ್ಲರೂ ನಕ್ಕೆವು. ನಮ್ಮ ಕಡೆಯವರು ಇದನ್ನು ಓದಿದರೆ ಆ ನಗು ಅವರಿಗೆ ಅರ್ಥವಾದೀತು. ಧಾರವಾಡದ ಸುತ್ತ ಶಾಸನ, ವೀರಗಲ್ಲು ಇಲ್ಲದ ಹಳ್ಳಿ ಇಲ್ಲ. ಮೇಲೆ ಸೂರ್ಯ ಚಂದ್ರ, ಕೆಳಗೆ ಓದಲು ಬಾರದ ಅಕ್ಷರ ಇದ್ದರೆ ಅದು ಯಾವನೋ ರಾಜನ ದಾನ ಎಂದೇ ಲೆಕ್ಕ. ಅದು ಕೊಟ್ಟಿಗೆಯ ಮೆಟ್ಟಿಲಾಗುತ್ತದೆ, ಒಗೆಯುವ ಕಲ್ಲಾಗುತ್ತದೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಬೇರೆ ಊರಿನವರಾಗಿದ್ದರೆ ಆ ಕಲ್ಲನ್ನು ನೋಡಿ ಒಂದು ಕ್ಷಣ ಅನುಮಾನಪಡುತ್ತಿದ್ದರೇನೋ. ನಮಗೆ ಅದು ತೀರಾ ಪರಿಚಿತವಾಗಿ ಕಂಡಿತು. ಓದಲು ಬಾರದ ಅಕ್ಷರ ಯಾವುದಿರಬಹುದು ಎಂದು ಅಪ್ಪ ಕೂಡ, ಓದಿದವರು, ಬಗ್ಗಿ ನೋಡಲಿಲ್ಲ. ದೀಪಾವಳಿಗೆ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಳು. ಮರುದಿನ ಅದರ ಮೇಲೇ ಗೋಣಿಚೀಲ ಬಡಿದಳು.

ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಮಮ್, ಯು ಹ್ಯಾವ್ ಟು ಟೆಲ್ ಹರ್."

"ಆಪರೇಶನ್ ಅದ ಅವರಿಗೆ. ಶಾಕ್ ಆದ್ರ? ಏನರೆ ಹೆಚ್ಚು ಕಡಿಮಿ ಆದ್ರ?"

"ಆ್ಯಂಡ್ ಇಫ್ ಶಿ ಡೈಸ್ ನಾಟ್ ನೋಯಿಂಗ್?"

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇಷ್ಟು ಕಟುವಾಗಿ ಮಾತಾಡಬಲ್ಲಳೇ ಎಂದು ಅನ್ನಿಸಿತು. ಆದರೆ ಅವಳು ಹೇಳಿದ್ದು ಸರಿ. ಆ ಕಲ್ಲು ಇನ್ನೂ ಅಲ್ಲೇ ಇದ್ದರೆ ಅದರ ಮೇಲೆ ಹೆಸರಿದೆ. ಎಲ್ಲಿದೆ ಎಂದು ಗೊತ್ತಿರುವವಳು ಭೂಮಿಯ ಮೇಲೆ ನಾನೊಬ್ಬಳೇ. ಹತ್ತು ದಿನ ಅಕ್ಕನ ಫೋನಿಗೆ ಸುಳ್ಳು ನೆಪ ಹೇಳಿದೆ. ಹನ್ನೊಂದನೆಯ ದಿನ ಭಾನುವಾರ, ಹೋಗಿ ಕೋಟು ಸಹ ಬಿಚ್ಚದೆ, ನಿಂತುಕೊಂಡೇ ಎಲ್ಲ ಹೇಳಿಬಿಟ್ಟೆ. ಕೂತರೆ ಹೇಳಲಾಗುವುದಿಲ್ಲ ಎಂದು ಭಯ.

ಅಡುಗೆಮನೆಯಲ್ಲಿ ಕೆಟಲ್ ಕುದಿದು ತಾನೇ ಆರಿತು.

"ಒಗೆದಿರಾ?" ಎಂದರು ಕೊನೆಗೆ. "ಅದರ ಮೇಲೆ?"

"ಹೌದು, ಅಕ್ಕಾ."

"ಏನು ಒಗೆದಿರಿ?"

"ಬಟ್ಟೆ."

"ಅದು ನನಗೂ ಗೊತ್ತು. ಎಂಥ ಬಟ್ಟೆ?"

ಅವರು ಆ ಪ್ರಶ್ನೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ನಮ್ಮಂಥವರ ಮನೆಯ ರೀತಿ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೇಳಿದ್ದು. ಒಳಗಿನ ಕಲ್ಲು ಮಡಿಗೆ, ಹೊರಗಿನ ಕಲ್ಲು ಉಳಿದದ್ದಕ್ಕೆ. ಕೂಸಿನ ಹೇಲುಬಟ್ಟೆ, ಜ್ವರ ಬಂದವರ ಹಾಸಿಗೆ. ಎರಡನೆಯ ಬೇಸಿಗೆ ನಾನು ದೊಡ್ಡವಳಾದೆ. ಮೂರು ದಿನ ಹೊರಗೆ ಕೂತು, ಬೆಳಕು ಹರಿಯುವ ಮುಂಚೆ ನನ್ನ ಬಟ್ಟೆಯನ್ನು ನಾನೇ ಆ ಕಲ್ಲಿನ ಮೇಲೆ ಒಗೆದುಕೊಳ್ಳಬೇಕಿತ್ತು. ಸೀರೆ, ಪಂಚೆ ಎಂದು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಕಣ್ಣು ನನ್ನನ್ನು ಬಿಡಲಿಲ್ಲ. ಎಲ್ಲವನ್ನೂ ಹೇಳಿದೆ, ನನ್ನದನ್ನೂ.

ಅಕ್ಕ ಎದ್ದು ಹೋದರು. ಸಿಂಕಿನ ಹತ್ತಿರ ತಂಬಿಗೆಯಿಂದ ಎರಡೂ ಕೈಗೆ ಮತ್ತೆ ಮತ್ತೆ ನೀರು ಹೊಯ್ದುಕೊಳ್ಳುವ ಸದ್ದು ಕೇಳಿಸಿತು. ಸ್ಮಶಾನದಿಂದ ಬಂದವರು ಅವರಲ್ಲಿ ಹಾಗೆ ಮಾಡುತ್ತಾರೆ.

ನಾನು ಕೆಟ್ಟ ಮಾತೊಂದನ್ನು ಆಡಿದೆ. ಇಂದಿಗೂ ನಾಚಿಕೆಯಾಗುತ್ತದೆ. "ನಾವಿದ್ದದ್ದು ಮೂರೇ ವರ್ಷ, ಅಕ್ಕಾ. ಆಮೇಲೆ ಬಂದವರೂ ಒಗೆದಿರ್ತಾರೆ."

"ಮೊದಲು ಯಾರು?" ಎಂದರು ತಿರುಗದೆಯೇ. ಆಮೇಲೆ, "ಈಗ ಹೋಗು."

ಎರಡು ವಾರ ಮಾತಿಲ್ಲ. ನಾನು ಈಲಿಂಗ್ ರೋಡಿಗೆ ಹೋಗುವುದನ್ನೇ ಬಿಟ್ಟೆ. ಅಡುಗೆ ಮಾಡಿದರೆ ತಿನ್ನಲಾಗುತ್ತಿರಲಿಲ್ಲ. ವಾಷಿಂಗ್ ಮೆಷಿನ್ ಹಾಕಿದರೆ ಅದು ತಿರುಗುವುದನ್ನು ನೋಡದೆ ಅಡುಗೆಮನೆಯ ಬಾಗಿಲು ಮುಚ್ಚಿಬಿಡುತ್ತಿದ್ದೆ. ಕಾನ್ವೆಂಟಿನ ಮದರ್ ಸುಪೀರಿಯರ್ ಕನ್ಫೆಶನ್ ಬಗ್ಗೆ ಹೇಳುತ್ತಿದ್ದದ್ದು, ಹೇಳಿಕೊಂಡ ಮೇಲೆ ಮನಸ್ಸು ಹಗುರಾಗುತ್ತದೆ ಎಂದು. ಯೂಸ್‌ಲೆಸ್! ನನಗೆ ಒಂದು ಗುಂಜಿಯಷ್ಟೂ ಹಗುರಾಗಲಿಲ್ಲ.

ಕಡೆಗೆ ಫೋನ್ ಬಂತು. ಹಲೋ ಇಲ್ಲ, ಹೇಗಿದೀ ಇಲ್ಲ.

"ಆ ಮನೆಯ ನಕ್ಷೆ ಬರಿ. ಎಲ್ಲಿಂದ ಎಷ್ಟು ಹೆಜ್ಜೆ, ಬಾವಿ ಯಾವ ಕಡೆ, ಎಲ್ಲ. ಹುಡುಗನಿಗೆ ಕಳಿಸಬೇಕು."

ಗ್ರಾಫ್ ಪೇಪರ್ ತಂದು ಬರೆದೆ. ಅಕ್ಕ ಅದನ್ನು ಠಾಣೆಯ ಆ ಮಲತಮ್ಮನ ಮಗನಿಗೆ ಫ್ಯಾಕ್ಸ್ ಮಾಡಿದರು. ಅವನು ಮುಂದಿನ ಭಾನುವಾರವೇ ಹೋದ. ಮನೆಗೆ ಹೊಸ ಮಾಡು ಬಂದಿತ್ತು, ಜನ ಬೇರೆ. ಕಲ್ಲು ಮಾತ್ರ ಹಿತ್ತಿಲಲ್ಲಿ ನಾನು ಗುರುತು ಹಾಕಿದ ಜಾಗದಲ್ಲೇ ಇತ್ತು, ಅವತ್ತೂ ಸಾಬೂನಿನ ನೊರೆ ಹೊತ್ತುಕೊಂಡು. ಆ ಮನೆಯಾಕೆಗೆ ವಿಷಯ ಹೇಳಿದಾಗ ಅವಳು ಎದೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳಂತೆ. ಆಮೇಲೆ ಕಣ್ಣೊರೆಸಿಕೊಂಡು, ತಗೊಂಡು ಹೋಗಿ ಸಾಹೇಬರೇ, ಆದರೆ ನಾಳೆ ನಾನು ಎಲ್ಲಿ ಒಗೀಲಿ ಎಂದಳಂತೆ. ಅವನು ಅಲಿಬಾಗಿನಿಂದ ಒಂದು ಸಿಮೆಂಟಿನ ಕಲ್ಲು ತಂದು ಹಾಕಿಸಿಕೊಟ್ಟ. ಹಳೆಯದನ್ನು ಅಗೆದು ತೆಗೆಸಿ, ಗಾಡಿಯಲ್ಲಿ ಹೇರಿ, ಗುಡ್ಡದ ಬುಡಕ್ಕೆ ಒಯ್ದು, ಅಜ್ಜಿಯ ಬಲಗಡೆ ನಿಲ್ಲಿಸಿದ. ತೆಳುವಾದ ಕಾಗದವನ್ನು ಕಲ್ಲಿನ ಮೇಲೆ ಹಿಡಿದು, ಇದ್ದಿಲು ಉಜ್ಜಿ, ಪೂರ್ತಿ ಕಲ್ಲಿನ ಅಚ್ಚು ತೆಗೆದು ಪೋಸ್ಟಿನಲ್ಲಿ ಕಳಿಸಿದ.

ಅದು ಬಂದ ದಿನ ಅಕ್ಕ ನನ್ನನ್ನು ಕರೆಸಿದರು. ಆಪರೇಶನ್ನಿಗೆ ಒಂಬತ್ತು ದಿನ ಉಳಿದಿತ್ತು. ಕಾಲು ಊದಿಕೊಂಡಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ನನಗೆ ಕೂರು ಎನ್ನಲಿಲ್ಲ, ನಾನಾಗಿ ಕೂತೆ. ಅವರು ಕಾಗದದ ಸುರುಳಿ ಬಿಚ್ಚಿ ನಾಲ್ಕು ಮೂಲೆಗೆ ಚಹಾದ ಕಪ್ಪುಗಳನ್ನಿಟ್ಟರು.

ಕೆಳಗಿನರ್ಧ, ಅಂದರೆ ಮಣ್ಣಲ್ಲಿ ಹೂತಿದ್ದ ಭಾಗ, ನಿನ್ನೆ ಕೆತ್ತಿದಂತಿತ್ತು. ಅದು ಮರಾಠಿ. ಅಕ್ಕನ ತಂದೆಯ ಹೆಸರು, ಅವರ ಹೆಂಡತಿ ಎಂದಷ್ಟೇ, ಬಾಣಂತನದಲ್ಲಿ ತೀರಿಕೊಂಡವಳು, ಹಿಂದೆ ಬಿಟ್ಟದ್ದು ಒಬ್ಬ ಮಗಳನ್ನು. ಆ ಒಬ್ಬ ಮಗಳು ನನ್ನ ಎದುರಿಗೆ ಕೂತಿದ್ದಳು.

ಮೇಲಿನರ್ಧದಲ್ಲಿ ಸೂರ್ಯ ಚಂದ್ರ ಇದ್ದವು, ಕೆತ್ತನೆ ಆಳವಾಗಿತ್ತು. ಅವುಗಳ ಕೆಳಗೆ ಹೀಬ್ರೂ ಸಾಲುಗಳು ಇರಬೇಕಿದ್ದಲ್ಲಿ ಇದ್ದಿಲಿನ ಬರೀ ಕಪ್ಪು. ನಯವಾಗಿ, ಒಂದು ಗೆರೆಯೂ ಇಲ್ಲದೆ. ಮೂಲೆಯಲ್ಲಿ ಒಂದೆರಡು ಗೀರು.

ಕಲ್ಲು ಸಿಕ್ಕಿದರೆ ಹೆಸರು ಸಿಕ್ಕಿದಂತೆ ಎಂದುಕೊಂಡಿದ್ದೆವಲ್ಲ, ಇಬ್ಬರೂ. ಮನುಷ್ಯರ ಕೈ ಕಲ್ಲಿನ ಅಕ್ಷರವನ್ನು ತೊಳೆದು ಹಾಕಬಲ್ಲದು ಎಂದು ನನಗೆ ಹೊಳೆದಿರಲಿಲ್ಲ. ಹೆಸರಿದ್ದದ್ದು ಮೇಲಿನ ಭಾಗದಲ್ಲಿ, ಬಟ್ಟೆ ಬಡಿಯುವ ಭಾಗದಲ್ಲಿ.

"ನೀನು ನೋಡಿದ್ದಾಗ ಅಕ್ಷರ ಇದ್ದವಾ?" ಅಕ್ಕನ ದನಿ ಆಫೀಸಿನವರ ದನಿಯಂತಿತ್ತು.

"ಇದ್ದವು."

"ಸ್ಪಷ್ಟವಾಗಿ?"

"ಸ್ಪಷ್ಟವಾಗಿ."

"ಹಾಗಾದರೆ ನೆನಪು ಮಾಡಿಕೋ. ಹನ್ನೆರಡು ಹದಿಮೂರರ ಕಣ್ಣು, ಕಾನ್ವೆಂಟಿನ ಜಾಣ ಹುಡುಗಿ. ಆ ಕಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂತು ಎರಡು ಬೇಸಿಗೆ ಒಗೆದಿದೀಯಲ್ಲ. ನನ್ನಮ್ಮನ ಹೆಸರನ್ನು ನನಗಿಂತ ಹತ್ತಿರದಿಂದ ನೋಡಿದವಳು ನೀನು."

ಹೀಬ್ರೂ ಅಕ್ಷರಮಾಲೆಯ ಒಂದು ಹಾಳೆಯನ್ನು, ಮಕ್ಕಳಿಗೆ ಕಲಿಸುವಂಥದ್ದು, ನನ್ನ ಮುಂದೆ ತಳ್ಳಿದರು. ನಾನು ಕಣ್ಣು ಮುಚ್ಚಿದೆ. ಆ ಕಾಲದಲ್ಲಿ ಅವರ ಹೆಂಗಸರಿಗೆ ಇಡುತ್ತಿದ್ದ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡಿದ್ದರು, ಅವನ್ನು ಒಂದೊಂದಾಗಿ ಓದತೊಡಗಿದರು. ಒಂದು ಹೆಸರು ಓದುವುದು, ನನ್ನ ಮುಖ ನೋಡುವುದು. ಇನ್ನೊಂದು ಓದುವುದು. ಯಾವುದಾದರೂ ಒಂದಕ್ಕೆ ಹೂಂ ಅಂದುಬಿಟ್ಟರೆ? ಈ ಹೆಂಗಸು ನೆಮ್ಮದಿಯಿಂದ ಆಪರೇಶನ್ನಿಗೆ ಹೋದಾಳು. ಯಾರಿಗೆ ತಿಳಿಯುತ್ತದೆ? ಒಂದು ಚೆಲುವಾದ ಹೆಸರಿತ್ತು, ಹೂವಿನ ಹೆಸರು. ಅದನ್ನು ಓದಿದಾಗ ಅಕ್ಕನ ದನಿ ಸ್ವಲ್ಪ ಮೆತ್ತಗಾಯಿತು. ಅದೇ ಆಗಲಿ ಎಂದು ಅವರಿಗೆ ಆಸೆ ಇದ್ದಂತಿತ್ತು.

"ಇಲ್ಲ ಅಕ್ಕಾ. ನನಗೆ ಓದಲು ಬರುತ್ತಿರಲಿಲ್ಲ. ಆಕಾರ ಅಷ್ಟೇ. ಎಲ್ಲ ಕಲಸಿಹೋಗಿದೆ."

"ಒಂದೂ ಇಲ್ಲವಾ?"

ಒಂದಿತ್ತು. ಸೂರ್ಯ ಚಂದ್ರರ ಕೆಳಗಿನ ಎರಡನೆಯ ಸಾಲಿನಲ್ಲಿ ಬಲಗಡೆಯ ಮೊದಲ ಅಕ್ಷರ. ಮೂರು ಬೆರಳು ಎತ್ತಿ ಹಿಡಿದ ಕೈಯಂತೆ ಇತ್ತು. ಆ ಮೂರು ಬೆರಳ ಸಂದಿಯಲ್ಲಿ ಸಾಬೂನು ಹೋಗಿ ಗಟ್ಟಿಯಾಗುತ್ತಿತ್ತು, ನಾನು ಕಡ್ಡಿ ಹಾಕಿ ಅದನ್ನು ಕೆದಕಿ ಕೆದಕಿ ತೆಗೆಯುತ್ತಿದ್ದೆ. ಕೊಳಕು ಉಳಿದರೆ ಅವ್ವ ಬೈಯುತ್ತಿದ್ದಳು. ಹಾಳೆಯಲ್ಲಿ ಆ ಅಕ್ಷರದ ಮೇಲೆ ಬೆರಳಿಟ್ಟೆ. ಇದು ಖಂಡಿತ. ಇದಕ್ಕಿಂತ ಹೆಚ್ಚು ಕೇಳಬೇಡಿ, ಹೆಚ್ಚು ಹೇಳಿದರೆ ನಾನು ಕಟ್ಟಿ ಹೇಳಿದಂತಾಗುತ್ತದೆ ಎಂದೆ.

ಅಕ್ಕ ಬಹಳ ಹೊತ್ತು ಅಕ್ಷರವನ್ನೇ ನೋಡಿದರು. ಮೊದಲ ಸಾಲು ಎಲ್ಲ ಗೋರಿಯ ಮೇಲೂ ಒಂದೇ, ಇಲ್ಲಿ ಮಲಗಿದ್ದಾರೆ ಎಂದು. ಹೆಸರು ಬರುವುದು ಎರಡನೆಯ ಸಾಲಿನಲ್ಲಿ, ಅವರ ಬರವಣಿಗೆ ಬಲಗಡೆಯಿಂದ ಶುರು. ಪೆನ್ನು ತೆಗೆದುಕೊಂಡು ಪಟ್ಟಿಯಲ್ಲಿ ಆ ಅಕ್ಷರದಿಂದ ಶುರುವಾಗದ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಆ ಹೂವಿನ ಹೆಸರು ಸೇರಿ ಮೂರು ಉಳಿದವು. ಆ ಮೂರನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

"ಮೂರರಲ್ಲಿ ಯಾವುದು?" ಎಂದೆ.

"ಮೂರನ್ನೂ ಕೂಗಲಿ. ಯಾರು ಅಂತ ಅವನಿಗೆ ಗೊತ್ತಾಗ್ತದೆ." ಅವನು ಎಂದರೆ ದೇವರು.

ಪ್ರಾರ್ಥನಾಮಂದಿರದ ಹಿರಿಯರು ಒಪ್ಪಲಿಲ್ಲವಂತೆ. ಒಬ್ಬಳಿಗೆ ಒಬ್ಬಳೇ ತಾಯಿ, ಪುಸ್ತಕದಲ್ಲಿ ಜಾಗವೂ ಒಂದೇ ಎಂದರಂತೆ. "ಜಾಗ ಚಿಕ್ಕದಾದರೆ ಅಕ್ಷರ ಚಿಕ್ಕದು ಬರೀರಿ," ಎಂದರಂತೆ ಅಕ್ಕ. ಬರೆದರು.

ಆಪರೇಶನ್ ದಿನ ನಾನು ಆಸ್ಪತ್ರೆಗೆ ಬರಲಾ ಎಂದು ಕೇಳಿದ್ದಕ್ಕೆ ಬೇಡ ಎಂದಿದ್ದರು. ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆಂದು ಮಾತ್ರ ಗೊತ್ತಿತ್ತು. ನಾನು ಎದ್ದು ಸ್ನಾನ ಮಾಡಿ ದೀಪ ಹಚ್ಚಿದೆ. ಏನು ಬೇಡಿಕೊಳ್ಳಬೇಕೋ ತಿಳಿಯದೆ ಆ ಮೂರು ಹೆಸರನ್ನೂ ಒಂದಾದಮೇಲೊಂದು ಜೋರಾಗಿ ಹೇಳಿದೆ. ಖಾಲಿ ಫ್ಲ್ಯಾಟಿನಲ್ಲಿ ನನ್ನದೇ ದನಿ ನನಗೆ ಕೇಳಿಸಿತು. ಮೂರರಲ್ಲಿ ಎರಡು ಯಾರವೋ, ಗೊತ್ತಿಲ್ಲ. ಒಂದು ಮಾತ್ರ ಆಕೆಯದು, ಹತ್ತಿರ ಹತ್ತಿರ ಎಪ್ಪತ್ತು ವರ್ಷದಿಂದ ಯಾರ ಬಾಯಲ್ಲೂ ಬಾರದ್ದು. ಅದು ಯಾವುದೆಂದು ತಿಳಿಯದೆಯೇ ಅದನ್ನು ಹೇಳಿದವಳು ನಾನು.

ಸಂಜೆ ಫೋನ್ ಬಂತು. ಅಕ್ಕನ ಪಕ್ಕದ ಫ್ಲ್ಯಾಟಿನಾಕೆ, ಆಸ್ಪತ್ರೆಯಿಂದ. ಆಪರೇಶನ್ ಆಯಿತು, ಎಚ್ಚರ ಬಂದಿದೆ ಎಂದಳು. ನೀರು ಕೇಳುವ ಮುಂಚೆ ಏನೋ ಹೇಳಿದರಂತೆ, ಮರಾಠಿಯಲ್ಲಿ, ನರ್ಸಿಗೆ ತಿಳಿಯದೆ ಈಕೆಯನ್ನು ಕೇಳಿದಳಂತೆ.

"ನನಗೂ ಸರಿಯಾಗಿ ತಿಳಿಯಲಿಲ್ಲ," ಎಂದಳು ಆಕೆ. "ಡಾಕ್ಟರೀಣಬಾಯಿ ಬಂದಿಲ್ಲವಾ ಅಂತಲೋ, ಬರೋದು ಬೇಡ ಅಂತಲೋ, ಯಾವುದೋ ಒಂದು."

ನಾನು ಕೋಟು ಹಾಕಿಕೊಂಡು ಹೊರಟೆ.